ಹಲ್ಲಿನ ಕ್ಯಾಪು: ದರಪಟ್ಟಿಗಿಂತ ವಿಶ್ವಾಸಾರ್ಹತೆ ಮುಖ್ಯ

ಹಲ್ಲಿಗೆ ಹೊದಿಸುವ ಕ್ಯಾಪಿನ ವಸ್ತುವನ್ನು ನಿರ್ಧರಿಸುವವರು ದಂತವೈದ್ಯರು, ತಯಾರಿಸುವವರು ಲ್ಯಾಬಿನವರು, ಹಣ ತೆರುವವರು ರೋಗಿಗಳು. ಸಿದ್ಧವಾದ ಕ್ಯಾಪನ್ನು ಕಣ್ಣಿನಿಂದ ನೋಡಿ ಅದರೊಳಗಿನ ವಸ್ತುವಿನ ಗುಣಮಟ್ಟವನ್ನು ವೈದ್ಯರೂ ಹೇಳಲಾರರು. ಇಂತಹ ವ್ಯವಹಾರದಲ್ಲಿ ನಮ್ಮ ಸಣ್ಣ ಲ್ಯಾಬುಗಳು ಕೇವಲ ದರ ಇಳಿಸಿ ಪೈಪೋಟಿಗೆ ನಿಲ್ಲುವುದು ದೂರದೃಷ್ಟಿಯ ಕ್ರಮವಲ್ಲ.

ವೈದ್ಯರ ಆಯ್ಕೆಯ ಕ್ರಮವನ್ನೇ ಗಮನಿಸೋಣ. ಅವರು ಮೊದಲು ನೋಡುವುದು ಹಲ್ಲಿನ ಸ್ಥಾನವನ್ನು. ಅಗಿಯುವ ಭಾರವನ್ನೆಲ್ಲ ಹೊರುವ ದವಡೆ ಹಲ್ಲಿಗೆ, ಅದರಲ್ಲೂ ನಿದ್ರೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವುಳ್ಳವರಿಗೆ, ಬಲವೇ ಪ್ರಧಾನ. ಸಾಂಪ್ರದಾಯಿಕ ಜಿರ್ಕೋನಿಯಾದ ಬಾಗುಬಲ ಸುಮಾರು 1,000 ಮೆಗಾಪ್ಯಾಸ್ಕಲ್. ಲಿಥಿಯಂ ಡೈಸಿಲಿಕೇಟ್ ಪಿಂಗಾಣಿಯದು ಸುಮಾರು 400. ಆದರೆ ಮುಂದಿನ ಹಲ್ಲಿಗೆ ಬೆಳಕನ್ನು ಒಳಬಿಡುವ ಸಹಜ ಕಾಂತಿ ಬೇಕು. ಅಲ್ಲಿ ಡೈಸಿಲಿಕೇಟಿಗೆ ಮನ್ನಣೆ. ಒಳಗಿನ ಹಲ್ಲು ಕಪ್ಪಾಗಿದ್ದರೆ ಅದೇ ಪಾರದರ್ಶಕತೆ ದೋಷವಾಗುತ್ತದೆ. ಲೋಹದ ಮೇಲೆ ಪಿಂಗಾಣಿ ಕೂರಿಸಿದ ಹಳೆಯ ಬಗೆಗೆ ಹಲ್ಲನ್ನು ಹೆಚ್ಚು ಸವೆಸಬೇಕು. ಪಿಂಗಾಣಿ ಚಕ್ಕೆಯೇಳುವ, ವಸಡಿನಂಚು ಕಪ್ಪಾಗಿ ಕಾಣುವ ಸಂಭವವೂ ಉಂಟು. ಆದರೂ ಅಗ್ಗವೂ ಅನುಭವಸಿದ್ಧವೂ ಆದುದರಿಂದ ಅದು ಇಂದಿಗೂ ಬಳಕೆಯಲ್ಲಿದೆ. ನಿಕಲ್ ಒಗ್ಗದವರಿಗೆ ಮಾತ್ರ ನಿಕಲ್-ಕ್ರೋಮಿಯಂ ಮಿಶ್ರಲೋಹ ಸಲ್ಲದು.

ಬೆಲೆಯ ಪ್ರಭಾವ ಇಲ್ಲವೆಂದಲ್ಲ. 1970ರ ದಶಕದಲ್ಲಿ ಚಿನ್ನದ ಬೆಲೆ ಗಗನಕ್ಕೇರಿದಾಗಲೇ ಜಗತ್ತಿನ ಲ್ಯಾಬುಗಳು ಚಿನ್ನದ ಮಿಶ್ರಲೋಹವನ್ನು ಬಿಟ್ಟು ಅಗ್ಗದ ಲೋಹಗಳತ್ತ ಹೊರಳಿದವು. ಆದರೆ ಆ ಬದಲಾವಣೆ ಎಲ್ಲರಿಗೂ ತಿಳಿದೇ ನಡೆಯಿತು. ಇಂದಿನ ಆತಂಕವೆಂದರೆ ತಿಳಿಯದಂತೆ ನಡೆಯಬಹುದಾದ ಬದಲಾವಣೆ.

ಜಿರ್ಕೋನಿಯಾ ಎಂಬ ಒಂದೇ ಹೆಸರಿನಡಿ ಹಲವು ದರ್ಜೆಗಳಿವೆ. ಇಟ್ರಿಯಾದ ಪ್ರಮಾಣ ಹೆಚ್ಚಿದಂತೆ ಕಾಂತಿ ಏರುತ್ತದೆ, ಬಲ ಇಳಿಯುತ್ತದೆ. ಬಿಲ್ಲೆಯಿಂದ ಕೊರೆದ ಕ್ಯಾಪು ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಶಾಖದ ಕುಲುಮೆಯಲ್ಲಿ ಐದನೇ ಒಂದು ಭಾಗದಷ್ಟು ಕುಗ್ಗುತ್ತದೆ. ಎಷ್ಟು ಕುಗ್ಗುತ್ತದೆಂಬ ಅಂಕಿಯನ್ನು ತಯಾರಕರು ಬ್ಯಾಚಿಗನುಗುಣವಾಗಿ ನಮೂದಿಸುತ್ತಾರೆ. ಹೆಸರು, ಬ್ಯಾಚುಗಳಿಲ್ಲದ ಬಿಲ್ಲೆಯನ್ನು ಬಳಸಿದರೆ ಬಲಕ್ಕೂ ಅಳತೆಗೂ ಖಾತರಿಯೆಲ್ಲಿ? ಒಂದು ಬಿಲ್ಲೆಯಿಂದ ಸಾಮಾನ್ಯವಾಗಿ ಇಪ್ಪತ್ತರ ಆಸುಪಾಸು ಕ್ಯಾಪುಗಳು ಹೊರಡುತ್ತವೆ. ಅಗ್ಗದ ಬಿಲ್ಲೆಯಿಂದಾಗುವ ಉಳಿತಾಯವನ್ನು ಅಷ್ಟಕ್ಕೂ ಹಂಚಿ ನೋಡಿದರೆ, ಅದಕ್ಕಾಗಿ ಹೆಸರು ಕೆಡಿಸಿಕೊಳ್ಳುವುದು ಲಾಭದ ಲೆಕ್ಕವಲ್ಲವೆಂಬುದು ಯಾವ ವ್ಯಾಪಾರಿಗೂ ತಿಳಿಯುತ್ತದೆ.

ಹತ್ತು ವರ್ಷ, ಹದಿನೈದು ವರ್ಷಗಳ ವಾರಂಟಿ ಕಾರ್ಡು ಇದೆಯಲ್ಲ ಎಂದು ಕೆಲವರು ವಾದಿಸಬಹುದು. ವಾರಂಟಿಯಿಂದ ಬದಲಿ ಕ್ಯಾಪು ದೊರೆತೀತು. ಮುರಿದ ಕ್ಯಾಪನ್ನು ಕತ್ತರಿಸಿ ತೆಗೆಯುವಾಗ ಸವೆಯುವ ಹಲ್ಲು ಮರಳಿ ಬಾರದು. ವೈದ್ಯರ ಕುರ್ಚಿಯಲ್ಲಿ ರೋಗಿ ಮತ್ತೆ ಕಳೆಯುವ ಸಮಯಕ್ಕೂ ಪರಿಹಾರವಿಲ್ಲ. ವೈದ್ಯರಿಗೆ ಇದರ ಅರಿವಿದೆ. ಒಮ್ಮೆ ವಿಶ್ವಾಸ ಕಳೆದುಕೊಂಡ ಲ್ಯಾಬು ರಿಯಾಯಿತಿಯಿಂದ ಅದನ್ನು ಮರಳಿ ಪಡೆಯಲಾರದು.

ಆದ್ದರಿಂದ ಮಾಡಬೇಕಾದುದು ಸರಳ. ವಿತರಕರು ಬ್ಯಾಚ್ ಸಂಖ್ಯೆಯಿಲ್ಲದ ಸರಕನ್ನು ಮಾರಬಾರದು, ಬಿಲ್ಲಿನಲ್ಲಿ ಆ ಸಂಖ್ಯೆಯನ್ನು ಕಾಣಿಸಬೇಕು. ಲ್ಯಾಬಿನವರು ಪ್ರತಿ ಕ್ಯಾಪಿನೊಡನೆ ವಸ್ತುವಿನ ಹೆಸರು, ದರ್ಜೆ, ತಯಾರಕರು ಮತ್ತು ಬ್ಯಾಚ್ ಸಂಖ್ಯೆಗಳನ್ನೊಳಗೊಂಡ ಚೀಟಿಯನ್ನು ಕೊಡಬೇಕು. ಅದರ ಒಂದು ಪ್ರತಿ ರೋಗಿಯ ಕೈಸೇರಬೇಕು. ವಾಣಿಜ್ಯ ಸಂಸ್ಥೆಗಳು ಕನ್ನಡದಲ್ಲಿ ಇದರ ಮಾದರಿಯೊಂದನ್ನು ಸಿದ್ಧಪಡಿಸಿ ಸದಸ್ಯರಿಗೆ ಒದಗಿಸುವುದು ಕಷ್ಟದ ಕೆಲಸವಲ್ಲ. ಇದಕ್ಕೆ ತಗಲುವ ವೆಚ್ಚ ಒಂದು ಹಾಳೆ ಕಾಗದದ್ದು ಮಾತ್ರ. ಸರ್ಕಾರದ ಕಟ್ಟಳೆ ಬರಲೆಂದು ಕಾಯದೆ ಉದ್ಯಮಿಗಳೇ ಇದನ್ನು ಆರಂಭಿಸುವುದು ಲೇಸು.