ಹಳೆಯ ಕಾರಿನ ತಂಪು

ಹುಲಸೂರ, ಬಸವಕಲ್ಯಾಣಗಳ ವೈಶಾಖದ ಬಿಸಿಲಿನಲ್ಲಿ ಎಳೆಗೂಸನ್ನೂ ವೃದ್ಧರನ್ನೂ ಕಾರಿನಲ್ಲಿ ಕರೆದೊಯ್ಯುವವರಿಗೆ ಏಸಿಯು ಕೇವಲ ಸುಖಸಾಧನವಲ್ಲ. ಹಳೆಯ ಕಾರುಗಳ ಏಸಿಯಲ್ಲಿ ಆರ್-12 ಎಂಬ ಗ್ಯಾಸು ಇರುತ್ತಿತ್ತು. ಓಜೋನ್ ಪದರಕ್ಕೆ ಹಾನಿಕರವೆಂದು 1987ರ ಮಾಂಟ್ರಿಯಲ್ ಒಪ್ಪಂದವು ಅದನ್ನು ನಿಯಂತ್ರಿಸಿತು. ಈಗ ಅಂಥ ಕಾರುಗಳಿಗೆ ಆರ್-134ಎ ತುಂಬುವರು. ಆದರೆ ಗ್ಯಾಸನ್ನು ಬದಲಿಸಿದ ಮಾತ್ರಕ್ಕೆ ಕೆಲಸ ತೀರದೆಂಬುದನ್ನು ನಾವು ಒತ್ತಿ ಹೇಳುವೆವು. ಹಳೆಯ ಖನಿಜತೈಲವು ಹೊಸ ಗ್ಯಾಸಿನೊಡನೆ ಬೆರೆಯದು. ತೈಲವು ತಿರುಗಿ ಬಾರದಿದ್ದರೆ ಕಂಪ್ರೆಸರು ಸವೆದು ಕೆಡುವುದು. ಆದಕಾರಣ ಎಸ್ಟರ್ ತೈಲವನ್ನು ಹಾಕಿಸಿ, ತೇವ ಹೀರುವ ಡ್ರೈಯರನ್ನೂ ರಬ್ಬರ್ ಉಂಗುರಗಳನ್ನೂ ಬದಲಿಸಬೇಕು. ಒಳಗಿನ ಗಾಳಿಯನ್ನು ಪಂಪಿನಿಂದ ಪೂರ್ಣವಾಗಿ ತೆಗೆಸಿದ ಬಳಿಕ, ಮೊದಲಿನ ತೂಕದ ಸುಮಾರು ಶೇಕಡಾ 80ರಿಂದ 90ರಷ್ಟು ಗ್ಯಾಸನ್ನೇ ತುಂಬಿಸತಕ್ಕದ್ದು. ಹೆಚ್ಚಾದರೆ ಒತ್ತಡವೇರಿ ತಂಪು ಕುಗ್ಗುವುದು. ಇವೆಲ್ಲ ಆದುವೇ ಎಂದು ವಿಚಾರಿಸಿಯೇ ಹಣ ಕೊಡಬೇಕೆಂದು ವಾಚಕರಲ್ಲಿ ನಮ್ಮ ಬಿನ್ನಹ.