ಮೀನು ಮೊದಲು ಬುಟ್ಟಿಗೆ ಸಿಗಲಿ: ಮೀನುಗಾರಿಕೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಮೀನುಗಾರಿಕೆ ಸಚಿವರೇ,

ಕರಾವಳಿಯ ಮೀನುಗಾರಿಕೆ ಎಂದೊಡನೆ ಸರ್ಕಾರದ ಕಣ್ಣು ಹೋಗುವುದು ದೋಣಿಯ ಕಡೆಗೆ. ಯಾಂತ್ರೀಕೃತ ದೋಣಿಗೆ ಮಾರಾಟ ತೆರಿಗೆಯಿಲ್ಲದ ಡೀಸೆಲ್, ನಾಡದೋಣಿಗೆ ಸೀಮೆಎಣ್ಣೆ, ಬಂದರಿನ ಹೂಳೆತ್ತುವುದು, ಜೆಟ್ಟಿ ಕಟ್ಟುವುದು: ಇವೆಲ್ಲ ಬೇಕಾದವೇ. ಆದರೆ ಹಿಡಿದ ಮೀನು ದಡಕ್ಕೆ ಬಂದ ಮಾತ್ರಕ್ಕೆ ಊಟವಾಗುವುದಿಲ್ಲ. ಮೊಗವೀರ, ಖಾರ್ವಿ, ಹರಿಕಾಂತ, ಅಂಬಿಗ ಮನೆಗಳಲ್ಲಿ ಗಂಡಸರು ಕಡಲಿಗಿಳಿದರೆ, ಏಲಂನಲ್ಲಿ ನಿಂತು ಮೀನು ಕೊಳ್ಳುವುದು, ವಿಂಗಡಿಸುವುದು, ಉಪ್ಪು ಹಾಕಿ ಒಣಗಿಸುವುದು, ಬುಟ್ಟಿ ಹೊತ್ತು ಒಳನಾಡಿನ ಮನೆಬಾಗಿಲಿಗೆ ಮುಟ್ಟಿಸುವುದು ಬಹುಪಾಲು ಹೆಂಗಸರ ಕೆಲಸ. ಬಡವರ ತಟ್ಟೆಗೆ ಮೀನು ಬೀಳುವುದು ಈ ಕೈಗಳ ಮೂಲಕ. ಇವರನ್ನು ಪೂರ್ಣ ಮೀನುಗಾರರೆಂದು ಎಣಿಸಿ, ಬಂದರಿನ ಏಲಂನಲ್ಲಿ ಇವರಿಗೆ ಮೊದಲ ಹಕ್ಕು ಕೊಡಬೇಕೆಂದು ಕೇಳಲು ಈ ಪತ್ರ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇತರ ಸಂಸ್ಥೆಗಳೊಂದಿಗೆ ಸೇರಿ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಜಗತ್ತಿನ ಮೀನು ಹಿಡಿತದಲ್ಲಿ ಕನಿಷ್ಠ 40 ಶೇಕಡಾ ಸಣ್ಣ ಪ್ರಮಾಣದ ಮೀನುಗಾರರದು, ಮತ್ತು ಈ ಕಸುಬಿನಲ್ಲಿರುವ ಪ್ರತಿ ಹತ್ತು ಜನರಲ್ಲಿ ನಾಲ್ವರು ಮಹಿಳೆಯರು. ದಡದ ಕೆಲಸವನ್ನೂ ಲೆಕ್ಕಕ್ಕೆ ಹಿಡಿದಾಗ ಮಾತ್ರ ಕಾಣಿಸುವ ಸಂಖ್ಯೆ ಇದು. ಇನ್ನು ನಮ್ಮ ರಾಜ್ಯದ ಆರೋಗ್ಯ ನೋಡಿ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ 47.8 ಶೇಕಡಾ, ಐದು ವರ್ಷದೊಳಗಿನ ಮಕ್ಕಳಲ್ಲಿ 65.5 ಶೇಕಡಾ ರಕ್ತಹೀನತೆಯಿದೆ. ಕಬ್ಬಿಣ, ಸುಣ್ಣದಂಶ, ಒಳ್ಳೆಯ ಕೊಬ್ಬು ಒಂದೇ ಕಡೆ ಸಿಗುವ ಸಣ್ಣ ಮೀನು ನಮ್ಮ ದಡಕ್ಕೇ ಬಂದು ಬೀಳುತ್ತದೆ. ಮಂಗಳೂರಿನಲ್ಲಿ ಬೂತಾಯಿ, ಕುಂದಾಪುರದ ಕಡೆ ಬೈಗೆ, ಕಾರವಾರದ ಕಡೆ ತಾರ್ಲೆ ಎನ್ನಿಸಿಕೊಳ್ಳುವ ಮೀನು ಕೂಲಿ ಮಾಡುವ ಮನೆಯ ಸಾರಿಗೂ ಎಟುಕುವಂಥದ್ದು. ಅಂಜಲ್, ಮಾಂಜಿಗಳ ಬೆಲೆ ಏರಿದರೆ ಹೋಟೆಲಿನವರು ಗೊಣಗಿಯಾರು. ಬೂತಾಯಿ ದುಬಾರಿಯಾದರೆ ಮಕ್ಕಳ ಊಟವೇ ಕೆಡುತ್ತದೆ.

ಹಾಗೆ ಕೆಡಿಸುತ್ತಿರುವ ಕಾರಣಗಳಲ್ಲಿ ಒಂದು ನಿಮ್ಮ ಅಧಿಕಾರದೊಳಗೇ ಇದೆ. ಕರಾವಳಿಯಲ್ಲಿ ಬೆಳೆದಿರುವ ಮೀನುಹುಡಿ, ಮೀನೆಣ್ಣೆ ಕಾರ್ಖಾನೆಗಳು ಕೊಳ್ಳುವುದು ಇದೇ ಬೂತಾಯಿಯನ್ನು, ಜೊತೆಗೆ ಟ್ರಾಲ್ ಬಲೆಗೆ ಸಿಕ್ಕ ಮರಿಮೀನನ್ನು. ಒಂದು ಕಿಲೋ ಹುಡಿಗೆ ಸುಮಾರು ನಾಲ್ಕೈದು ಕಿಲೋ ಹಸಿ ಮೀನು ಬೇಕು. ಆ ಹುಡಿ ಸಿಗಡಿ ಕೆರೆಗೆ, ಕೋಳಿ ಫಾರಂಗೆ ಹೋಗುತ್ತದೆ. ಮರಿಮೀನನ್ನು ಬಾಚಿದರೆ ಮುಂದಿನ ವರ್ಷದ ಮೀನನ್ನೂ ಇಂದೇ ತೂಗಿ ಮಾರಿದಂತೆ. ಪಕ್ಕದ ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ನಿನ ಹತ್ತಿರ ಸಿಕ್ಕಿದ್ದ ಬೂತಾಯಿ 2021ರಲ್ಲಿ ಸುಮಾರು 3,300 ಟನ್ನಿಗೆ ಇಳಿಯಿತು. ಕಡಲಿನ ಶಾಖ, ಹವಾಮಾನದ ಏರುಪೇರುಗಳ ಪಾಲು ಅದರಲ್ಲಿ ದೊಡ್ಡದು. ಅದು ನಮ್ಮ ಕೈಯಲ್ಲಿಲ್ಲ. ಮರಿಮೀನು ಹಿಡಿಯುವುದನ್ನು ನಿಲ್ಲಿಸುವುದು ನಮ್ಮ ಕೈಯಲ್ಲಿದೆ.

ಕಾರ್ಖಾನೆ ಇಲ್ಲದಿದ್ದರೆ ಹೆಚ್ಚಾದ ಮೀನು ಕೊಳೆತು ಹೋಗುತ್ತಿತ್ತು, ದೋಣಿಯವರಿಗೆ ಅಷ್ಟಾದರೂ ಕಾಸು ಸಿಗುತ್ತಿದೆ ಎಂದು ದೋಣಿ ಮಾಲಕರು ಹೇಳುತ್ತಾರೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಸಾಲ ಮಾಡಿ ದೋಣಿ ಕಟ್ಟಿಸಿದವರಿಗೆ, ಪಾಲಿಗೆ ದುಡಿಯುವ ಕಲಾಸಿಗಳಿಗೆ ಪ್ರತಿ ರೂಪಾಯಿಯೂ ಮುಖ್ಯ. ನಿಜವಾಗಿ ಮಿಕ್ಕಿದ್ದು, ಕೆಟ್ಟದ್ದು ಕಾರ್ಖಾನೆಗೇ ಹೋಗಲಿ. ಆದರೆ ಲಾರಿಗಟ್ಟಲೆ ಕೊಳ್ಳುವವನು ದಿನವೂ ಬಂದರಿನಲ್ಲಿ ಕಾದಿದ್ದಾಗ, ಮೀನನ್ನು ಐಸಿನಲ್ಲಿಟ್ಟು ಜೋಪಾನ ಮಾಡುವ ಗರಜು ಯಾರಿಗೂ ಉಳಿಯುವುದಿಲ್ಲ. ತಿನ್ನಬಹುದಾದ ಮೀನೂ ರಾಶಿಯಲ್ಲಿ ಬಿದ್ದು ಕೆಡುತ್ತದೆ, ಆಮೇಲೆ ಕೆಟ್ಟ ಮೀನೆಂದೇ ಮಾರಾಟವಾಗುತ್ತದೆ. ಮಿಗತೆ ಎಂಬುದರಲ್ಲಿ ಒಂದಷ್ಟು ಹೀಗೆ ನಾವೇ ಹುಟ್ಟಿಸಿದ್ದು.

ಮಹಿಳೆಯರಿಗೆ ಸಾಲ ಕೊಟ್ಟಿದ್ದೇವಲ್ಲ ಎಂದು ನೀವು ಕೇಳಬಹುದು. ಮೀನುಗಾರ ಮಹಿಳೆಯರ ಬಡ್ಡಿರಹಿತ ಸಾಲದ ಮಿತಿಯನ್ನು 2023ರ ಬಜೆಟ್ಟಿನಲ್ಲಿ 50 ಸಾವಿರದಿಂದ 3 ಲಕ್ಷ ರೂಪಾಯಿಗೆ ಏರಿಸಿದ್ದು ಒಳ್ಳೆಯ ಕೆಲಸ, ಸಂಶಯವಿಲ್ಲ. ಆದರೆ ಏಲಂನ ರಾಶಿಯೇ ಲಾರಿಯ ಅಳತೆಯದಾದರೆ, ಎರಡು ಬುಟ್ಟಿ ಮೀನು ಬೇಕಾದವಳು ಕೈಯಲ್ಲಿ ಹಣವಿದ್ದೂ ನಡುವಿನ ವ್ಯಾಪಾರಿಯಿಂದಲೇ ಕೊಳ್ಳಬೇಕು. ಸಾಲದ ಹಣ ಅವನ ಲಾಭವಾಗುತ್ತದೆ. ಕೊಂಡದ್ದನ್ನು ಸಾಗಿಸುವ ಕಷ್ಟ ಬೇರೆ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ. ಉಡುಪಿ, ದಕ್ಷಿಣ ಕನ್ನಡಗಳ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು.

ಮನೆಮನೆಗೆ ಮೀನು ತರುವ ಈ ಕಸುಬು ಹೇಗೂ ಮುಗಿಯುತ್ತಿದೆ, ಹೆಣ್ಣುಮಕ್ಕಳು ಓದಿ ಬೇರೆ ಕೆಲಸಕ್ಕೆ ಹೋಗುತ್ತಾರೆ, ಆ್ಯಪ್‌ಗಳು, ವಾಹನಗಳು ಬಂದಿವೆ ಎಂಬ ಮಾತೂ ಇದೆ. ಹೋಗುವವರು ಖಂಡಿತ ಹೋಗಲಿ. ಆದರೆ ಆ್ಯಪ್ ಹುಡುಕುವುದು ಮುಂಗಡ ಹಣ ಕೊಡಬಲ್ಲ ನಗರದ ಮನೆಯನ್ನು. ಐವತ್ತು ರೂಪಾಯಿಯ ಪಾಲು ಮಾಡಿ, ನಾಳೆ ಕೊಡು ಎಂದು ಉದ್ರಿ ಬಿಟ್ಟು ಹೋಗುವ ವ್ಯವಸ್ಥೆ ಇಂದಿಗೂ ಬುಟ್ಟಿಯದೇ. ಅದಕ್ಕೆ ಬದಲಿ ತಯಾರಾಗುವ ಮೊದಲೇ ಅದನ್ನು ಸಾಯಲು ಬಿಟ್ಟರೆ ನಷ್ಟ ಮಾರುವವಳೊಬ್ಬಳದೇ ಅಲ್ಲ.

ಒಣಮೀನಿನ ವಿಷಯ ಇನ್ನೂ ತುರ್ತಿನದು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆ ಮಳೆಗಾಲದಲ್ಲಿ ಮನೆಗಳನ್ನು ನಡೆಸುವುದು ಬೇಸಿಗೆಯಲ್ಲಿ ಹೆಂಗಸರು ಒಣಗಿಸಿಟ್ಟ ಸಿಗಡಿ, ಬಂಗುಡೆ, ಕೊಲ್ಲತರು. ಇದಕ್ಕೆ ಬೇಕಾದದ್ದು ಮರಳು ದಡ, ಮತ್ತು ಆ ದಡಕ್ಕೆ ಯಾರ ಹೆಸರಿನ ಪಹಣಿಯೂ ಇರುವುದಿಲ್ಲ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರು ಯೋಜನೆಯ ವಿರುದ್ಧ ಹೆಂಗಸರು ಬೀದಿಗಿಳಿದದ್ದನ್ನು ಬರಿಯ ಅಭಿವೃದ್ಧಿ ವಿರೋಧವೆಂದು ಓದಿದರೆ ಅನ್ಯಾಯ. ಮೀನು ಒಣಹಾಕುವ ಜಾಗ ಅವರಿಗೆ ರೈತನ ಹೊಲದಷ್ಟೇ ದೊಡ್ಡದು.

ಹೊಸ ಕಾನೂನಿಗೆ ಕಾಯಬೇಕಾಗಿಲ್ಲ. ಭಾರತವೂ ಒಪ್ಪಿದ, 2014ರ ಸಣ್ಣ ಪ್ರಮಾಣದ ಮೀನುಗಾರಿಕೆಯ ಅಂತರರಾಷ್ಟ್ರೀಯ ಮಾರ್ಗಸೂಚಿಗಳಲ್ಲಿ ಮಹಿಳೆಯರ ಸಮಾನತೆಗೆ ಒಂದು ಅಧ್ಯಾಯವೇ ಇದೆ. ಒಣಹಾಕುವ ದಡಗಳನ್ನು ಗುರುತಿಸಿ ಮೀನುಗಾರಿಕೆಯ ಜಾಗವೆಂದು ನಕ್ಷೆಯಲ್ಲಿ ಬರೆಸಿ. ಮಾರುವವರಿಗೆ, ಒಣಗಿಸುವವರಿಗೆ ಗಂಡನ ಹೆಸರಿನ ನೆರಳಿಲ್ಲದ ಮೀನುಗಾರರ ಗುರುತು ಚೀಟಿ ಕೊಡಿಸಿ. ಎಲ್ಲಕ್ಕಿಂತ ಮೊದಲು, ಮಂಗಳೂರು ಧಕ್ಕೆ, ಮಲ್ಪೆ, ಗಂಗೊಳ್ಳಿ, ಭಟ್ಕಳ, ಕಾರವಾರಗಳಲ್ಲಿ ಬೆಳಗಿನ ಏಲಂನ ಆರಂಭದ ಹೊತ್ತನ್ನು ಸಣ್ಣ ರಾಶಿಗಳಿಗೆ, ಬುಟ್ಟಿಯವರಿಗೆ ಮೀಸಲಿಡಿ. ತಿನ್ನಲು ಯೋಗ್ಯವಾದ ಬೂತಾಯಿ ಆ ಹೊತ್ತು ಮುಗಿಯುವವರೆಗೆ ಕಾರ್ಖಾನೆಯ ಲಾರಿ ಹತ್ತಬಾರದು. ಬರುವ ಆಗಸ್ಟ್ 1ಕ್ಕೆ ದೋಣಿಗಳು ಮತ್ತೆ ಕಡಲಿಗಿಳಿಯುವ ಮುನ್ನ ಆ ಆದೇಶ ಬಂದರುಗಳಿಗೆ ತಲುಪಲಿ.

ವಿಶ್ವಾಸದಿಂದ,
ಕರಾವಳಿಯ ಒಬ್ಬ ಪ್ರಜೆ