ಬೇಯುವ ತನಕ, ಆರುವ ತನಕ

2023ರ ಸೆಪ್ಟೆಂಬರಿನಲ್ಲಿ ಫಾರ್ಮಿಂಗ್ಟನ್ ಹಿಲ್ಸ್‌ನ ನಮ್ಮ ಮನೆಯಲ್ಲೊಂದು ಸಣ್ಣ ಮುನಿಸು. ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದ ಮೊಮ್ಮಗ, ಊಟಕ್ಕೆ ಕರೆದರೂ ಬೇಸ್‌ಮೆಂಟಿನಿಂದ ಮೇಲೆ ಬರಲಿಲ್ಲ. ಪಕ್ಕದ ಮನೆಯ ಗೆಳೆಯನ ಪ್ಲೇಸ್ಟೇಷನ್ನಿಗೆ 'ಬಾಲ್ಡರ್ಸ್ ಗೇಟ್ 3' ಬಂದಾಗಿತ್ತು. ಇವನ ಎಕ್ಸ್‌ಬಾಕ್ಸಿಗೆ ಬಂದಿರಲಿಲ್ಲ. "ಒಂದೇ ಆಟ ಅಲ್ವಾ ಅಜ್ಜ? ನನಗೆ ಮಾತ್ರ ಯಾಕೆ ತಡ?"

ನಾನು ಮೂವತ್ತು ವರ್ಷ ಡೆಟ್ರಾಯಿಟಿನಲ್ಲಿ ಕಾರುಗಳನ್ನು ಪರೀಕ್ಷೆ ಮಾಡುತ್ತ ಸವೆದವನು. ಹೊರಗಿನಿಂದ ಒಂದೇ ಕಾರು. ಆದರೆ ಎಂಜಿನ್ ಬದಲಾದರೆ ಮತ್ತೆ ಮೊದಲಿನಿಂದ ಓಡಿಸಿ ನೋಡಬೇಕು. ಆಟದ ಪೆಟ್ಟಿಗೆಗಳ ಕಥೆಯೂ ಅದೇ ಎಂದು ವಿಚಾರಿಸಿದಾಗ ತಿಳಿಯಿತು.

ಎಕ್ಸ್‌ಬಾಕ್ಸಿನಲ್ಲೇ ಎರಡು ಬಗೆ. ದುಬಾರಿಯ ಸೀರೀಸ್ ಎಕ್ಸ್‌ಗೆ 16 ಗಿಗಾಬೈಟ್ ಮೆಮೊರಿ, ಅಗ್ಗದ ಸೀರೀಸ್ ಎಸ್‌ಗೆ 10. ಒಂದರಲ್ಲಿರುವ ಸೌಲಭ್ಯ ಇನ್ನೊಂದರಲ್ಲೂ ಇರಬೇಕೆಂಬುದು ಮೈಕ್ರೋಸಾಫ್ಟಿನ ಕಟ್ಟಳೆ. ಪಂಕ್ತಿಯ ಕಡೆಯ ಎಲೆಗೂ ಬಡಿಸಿದ ಮೇಲೇ ಕೈಹಚ್ಚುವ ನಮ್ಮ ಪದ್ಧತಿಯಂತೆ. ಪರದೆಯನ್ನು ಎರಡು ಭಾಗ ಮಾಡಿ ಇಬ್ಬರು ಒಟ್ಟಿಗೆ ಆಡುವ ಅನುಕೂಲ ಚಿಕ್ಕ ಪೆಟ್ಟಿಗೆಗೆ ಒಗ್ಗಲಿಲ್ಲ. ಕೊನೆಗೆ ಬೆಲ್ಜಿಯಮ್ಮಿನ ಲಾರಿಯನ್ ಸಂಸ್ಥೆಯವರು ಎಸ್‌ನಲ್ಲಿ ಅದೊಂದನ್ನು ಕೈಬಿಟ್ಟು, ಡಿಸೆಂಬರಿನಲ್ಲಿ ಆಟವನ್ನು ಕೊಟ್ಟರು. ಬಿಟ್ಟದ್ದು ಬಂದು ಸೇರಿದ್ದು 2025ರ ಏಪ್ರಿಲ್‌ನಲ್ಲಿ.

ಕಾಯದಿದ್ದರೆ ಏನಾಗುತ್ತದೆ? ಪೋಲೆಂಡಿನ ಸಿಡಿ ಪ್ರಾಜೆಕ್ಟಿನವರ 'ಸೈಬರ್‌ಪಂಕ್ 2077' ನೋಡಿ. 2020ರಲ್ಲಿ ಮೂರು ಸಲ ದಿನ ಮುಂದೆ ಹೋಯಿತು. ಕಡೆಯ ಸಲ ಅವರು ಹೇಳಿದ ಕಾರಣ, ಒಂದೇ ಆಟದ ಒಂಬತ್ತು ರೂಪಗಳನ್ನು ಒಟ್ಟಿಗೇ ಪರೀಕ್ಷಿಸಬೇಕೆಂಬುದು. ಡಿಸೆಂಬರ್ 10ಕ್ಕೆ ಬಂದಾಗ ಹಳೆಯ ಪೆಟ್ಟಿಗೆಗಳಲ್ಲಿ ಅದು ಮುಗ್ಗರಿಸಿತು. ಸೋನಿಯವರು ಸುಮಾರು ಒಂದು ವಾರದಲ್ಲೇ ತಮ್ಮ ಅಂಗಡಿಯಿಂದ ತೆಗೆದರು. 2021ರ ಜೂನ್‌ವರೆಗೆ ಮತ್ತೆ ಇಡಲಿಲ್ಲ.

ಬೆಂಗಳೂರಿಗೂ ಈ ಕಸುಬು ಹೊಸದಲ್ಲ. ರಾಜೇಶ್ ರಾವ್ 1997ರಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ ಅನ್ನು 2019ರಲ್ಲಿ ರಾಕ್‌ಸ್ಟಾರ್ ಕೊಂಡಿತು. ನನ್ನ ತಮ್ಮನ ಮಗಳಿಗೂ ಅಲ್ಲಿನ ಒಂದು ಕಂಪನಿಯಲ್ಲಿ ಆಟ ಪರೀಕ್ಷಿಸುವ ಕೆಲಸ. ಆ ಭಾನುವಾರ ಮೊಮ್ಮಗನನ್ನು ಅವಳೊಡನೆ ಫೋನಿನಲ್ಲಿ ಮಾತಾಡಿಸಿದೆ.

"ನೀನು ಒಂದು ಸಲ ತೆಗೆಯುವ ಬಾಗಿಲನ್ನು ನಾನು ನೂರು ಸಲ ತೆಗೆದು ಮುಚ್ಚಿರ್ತೀನಿ ಕಣೋ. ಆಮೇಲೆ ಇನ್ನೊಂದು ಮೆಷಿನ್ನಿನಲ್ಲಿ ಮತ್ತೆ ನೂರು ಸಲ. ದಿನ ಮುಂದೆ ಹಾಕದಿದ್ದರೆ ನಮ್ಮ ರಾತ್ರಿಗಳು ಹೋಗ್ತವೆ."

"ಅಲ್ಲಿ ಈಗ ಗಂಟೆ ಎಷ್ಟು ಅತ್ತೆ?"

"ಹನ್ನೊಂದೂವರೆ. ಈಗ ತಾನೇ ಮನೆಗೆ ಬಂದೆ."

ಹುಡುಗ ಮತ್ತೆ ತಡದ ಮಾತೆತ್ತಲಿಲ್ಲ. ಮೇಲೆ ಬಂದು ಊಟಕ್ಕೆ ಕೂತ. ಬೇಯುವ ತನಕ ಕಾದವನಿಗೆ ಆರುವ ತನಕ ಕಾಯಲಾಗದೇ ಎಂದು ನಮ್ಮವರು ಸುಮ್ಮನೆ ಹೇಳಲಿಲ್ಲ. ಒಲೆಯ ಮುಂದೆ ನಿಂತವರು ಯಾರೆಂದು ಗೊತ್ತಾದರೆ ಕಾಯುವುದು ಅಷ್ಟು ಕಷ್ಟವೂ ಅಲ್ಲ.